ಜಂಗಮ ಗೃಹಗಳ ಯೋಗಕ್ಷೇಮ

ಸ್ವತ್ತುಗಳನ್ನು ಸ್ಥಾವರವೆಂದೂ ಜಂಗಮವೆಂದೂ ಇಬ್ಬಗೆಯಾಗಿ ವಿಂಗಡಿಸುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಹೊಲ, ತೋಟ, ಮನೆ, ಬಾವಿಗಳು ಸ್ಥಾವರ. ದನಕರು, ಪಾತ್ರೆಪದಾರ್ಥ, ಒಡವೆವಸ್ತ್ರಗಳು ಜಂಗಮ. ಬಾಲ್ಯದಲ್ಲಿ ಇದನ್ನು ಕಲಿತು, ಬಳಿಕ ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಮಕ್ಕಳಿಗೆ ಕಲಿಸಿದ ನಮಗೆ, ಮನೆಯೇ ಜಂಗಮಗಳ ಪಟ್ಟಿಗೆ ಸೇರಿದ ಸೀಮೆಯೊಂದು ಉಂಟೆಂಬುದು ಅರವತ್ತನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡು ತಿಳಿಯಬೇಕಾಯಿತು. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ, ಕಾರ್ಖಾನೆಯೊಳಗೆ ಕಟ್ಟಲ್ಪಟ್ಟು, ಉಕ್ಕಿನ ತೊಲೆಗಳ ಮೇಲೆ ಕುಳಿತು, ಗಾಲಿಗಳ ಸಹಾಯದಿಂದ ಹೆದ್ದಾರಿಯಲ್ಲಿ ಎಳೆದು ತರಲ್ಪಡುವ ಮನೆಗಳು ಎಂಟು ಲಕ್ಷದಷ್ಟಿವೆ. ಜನರು ಅವನ್ನು ಮೊಬೈಲ್ ಹೋಮ್ ಎಂದು ಕರೆಯುತ್ತಾರೆ. ಅಂತಹ ಮನೆಗೆ ಎಟಕುವ ಬೆಲೆಯಲ್ಲಿ ವಿಮೆಯನ್ನು ದೊರಕಿಸಿಕೊಳ್ಳುವುದು ಎಷ್ಟು ಪ್ರಯಾಸದ ಕಾರ್ಯವೆಂಬುದನ್ನು ನಾವು ಹತ್ತಿರದಿಂದ ನೋಡಿದೆವು. ಅದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

2025ನೆಯ ಇಸವಿಯ ಫೆಬ್ರವರಿ ಮತ್ತು ಮಾರ್ಚಿ ಮಾಸಗಳನ್ನು ನಾವು ಟ್ಯಾಂಪಾ ನಗರದಲ್ಲಿ ಮಗಳ ಮನೆಯಲ್ಲಿ ಕಳೆದೆವು. ನಮ್ಮ ಮೊಮ್ಮಗನಿಗೆ ಅಕ್ಷರ ತಿದ್ದಿಸಿದ ಉಪಾಧ್ಯಾಯಿನಿಯೊಬ್ಬರು ನಿವೃತ್ತರಾಗಿ, ದಕ್ಷಿಣಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ಬ್ರೇಡನ್‌ಟನ್ ಎಂಬ ಊರಿನ ಬಳಿ ಇಂತಹುದೊಂದು ಮನೆಯಲ್ಲಿ ವಾಸವಾಗಿದ್ದರು. ಒಂದೇ ವೃತ್ತಿಯಲ್ಲಿ ಆಯುಷ್ಯವನ್ನು ಸವೆಸಿದವರು ಪರಸ್ಪರ ಭೇಟಿಯಾಗಲೆಂದು ನಮ್ಮ ಮಗಳು ಒಂದು ಭಾನುವಾರ ನಮ್ಮನ್ನು ಅಲ್ಲಿಗೆ ಕರೆದೊಯ್ದಳು.

ದಾರಿಯು ಬಹು ರಮ್ಯವಾದುದು. ಸೇಂಟ್ ಪೀಟರ್ಸ್‌ಬರ್ಗ್ ನಗರವನ್ನು ಹಾದುಹೋಗುವಾಗ ಟ್ರಾಪಿಕಾನಾ ಫೀಲ್ಡ್ ಎಂಬ ಮಹಾ ಕ್ರೀಡಾಂಗಣವು ಕಾಣಿಸಿತು. ಗಾಜಿನ ನಾರಿನಿಂದ ನೇಯ್ದ ಅದರ ಚಾವಣಿಯು ಹರಿದು ಚಿಂದಿಯಾಗಿ, ಒಳಗಿನ ಪಕ್ಕೆಲುಬುಗಳು ಬಯಲಾಗಿದ್ದವು. 2024ನೆಯ ಅಕ್ಟೋಬರ್ 9ರ ರಾತ್ರಿ ಬಂದೆರಗಿದ ಮಿಲ್ಟನ್ ಎಂಬ ಚಂಡಮಾರುತದ ಕೃತ್ಯವಿದು. ಅದಕ್ಕೆ ಎರಡು ವಾರ ಮೊದಲು ಹೆಲೀನ್ ಎಂಬ ಇನ್ನೊಂದು ಚಂಡಮಾರುತವು ದೂರದಲ್ಲಿಯೇ ಹಾದುಹೋದರೂ ಟ್ಯಾಂಪಾ ಕೊಲ್ಲಿಯ ನೀರನ್ನು ತೀರದ ಮನೆಗಳೊಳಕ್ಕೆ ನುಗ್ಗಿಸಿತ್ತು. ಅಲ್ಲಿಂದ ಮುಂದೆ, 1987ರಲ್ಲಿ ತೆರೆಯಲ್ಪಟ್ಟ ಸನ್‌ಷೈನ್ ಸ್ಕೈವೇ ಸೇತುವೆಯು ಹಳದಿ ಬಣ್ಣದ ಕಂಬಿಗಳಿಂದ ತೂಗುತ್ತ ಕೊಲ್ಲಿಯನ್ನು ದಾಟಿಸುತ್ತದೆ. ಮೇಲೆ ನಿರ್ಮಲವಾದ ಆಕಾಶ, ಕೆಳಗೆ ಪಚ್ಚೆಯಂತಹ ನೀರು. ಇಷ್ಟು ಸೌಮ್ಯವಾದ ಸಮುದ್ರವು ನಾಲ್ಕು ತಿಂಗಳ ಹಿಂದೆ ಅಷ್ಟು ರೌದ್ರವಾಗಿತ್ತೆಂಬುದನ್ನು ನಂಬುವುದು ಕಷ್ಟ.

ಚಲಿಸುವ ಮನೆಗಳ ಸಂಸ್ಕೃತಿಯು ಈ ತೀರದಲ್ಲಿ ಶತಮಾನಕ್ಕೂ ಹಳೆಯದು. ಮೋಟಾರು ಬಂಡಿಗಳು ಬಡವರಿಗೂ ಎಟಕತೊಡಗಿದ ಕಾಲದಲ್ಲಿ ಉತ್ತರದ ಚಳಿಯನ್ನು ತಾಳಲಾರದ ಜನರು ಬಂಡಿಯ ಹಿಂದೆ ಗುಡಾರಗಳನ್ನೂ ಹಲಗೆಯ ಗೂಡುಗಳನ್ನೂ ಕಟ್ಟಿಕೊಂಡು ಇಲ್ಲಿಗೆ ಬರುತ್ತಿದ್ದರು. 1919ರಲ್ಲಿ ಟ್ಯಾಂಪಾದ ಡಿ ಸೋಟೋ ಉದ್ಯಾನದಲ್ಲಿ ಅವರು ಟಿನ್ ಕ್ಯಾನ್ ಟೂರಿಸ್ಟ್ಸ್, ಎಂದರೆ ತಗಡಿನ ಡಬ್ಬಿಯ ಯಾತ್ರಿಕರು, ಎಂಬ ಸಂಘವನ್ನು ಕಟ್ಟಿದರು. ಬಂಡಿಯ ಮೂತಿಗೆ ಬೆಸೆದ ಒಂದು ಡಬ್ಬಿಯೇ ಅವರ ಲಾಂಛನ. 1936ರಲ್ಲಿ ಬ್ರೇಡನ್‌ಟನ್ನಿನಲ್ಲಿಯೇ ಇಂತಹ ಯಾತ್ರಿಕರಿಗಾಗಿ ದೊಡ್ಡದೊಂದು ತಂಗುದಾಣವು ಆರಂಭವಾಯಿತು. ಚಳಿಗಾಲಕ್ಕೆ ಬಂದವರು ಬೇಸಗೆಗೂ ನಿಂತರು, ಗೂಡು ಮನೆಯಾಯಿತು, ಜಂಗಮವು ಕ್ರಮೇಣ ಸ್ಥಾವರದ ವೇಷವನ್ನು ಧರಿಸಿತು.

ಉಪಾಧ್ಯಾಯಿನಿಯವರ ವಸತಿಯಲ್ಲಿ ಇನ್ನೂರರಷ್ಟು ಮನೆಗಳು ಸಾಲಾಗಿ ನಿಂತಿದ್ದವು. ಪ್ರತಿ ಮನೆಯ ಮುಂದೆ ಒಂದು ತಗಡಿನ ಚಪ್ಪರ, ಒಂದು ಕಿತ್ತಳೆಯ ಗಿಡ, ಸೊಳ್ಳೆಬಲೆಯಿಂದ ಸುತ್ತುವರಿದ ಒಂದು ಜಗಲಿ. ಒಳಗೆ ಎರಡು ಮಲಗುವ ಕೋಣೆ, ಒಂದು ಪಾಕಶಾಲೆ, ಗೋಡೆಗಳ ತುಂಬ ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳು. ಮನೆ ಅವರದು; ಆದರೆ ಮನೆಯ ಕೆಳಗಿನ ನೆಲ ಅವರದಲ್ಲ. ನೆಲಕ್ಕೆ ತಿಂಗಳು ತಿಂಗಳೂ ಬಾಡಿಗೆ ಕೊಡಬೇಕು. ನಮಗೆ ಅತ್ಯಾಶ್ಚರ್ಯವನ್ನುಂಟುಮಾಡಿದ ಸಂಗತಿಯೆಂದರೆ, ಆ ಮನೆಯ ಒಡೆತನದ ಪತ್ರವನ್ನು ಕೊಡುವುದು ಮೋಟಾರು ವಾಹನಗಳ ಇಲಾಖೆ! ಬಾಡಿಗೆಯ ನೆಲದ ಮೇಲಿರುವ ಮನೆಗೆ ವರ್ಷಕ್ಕೊಮ್ಮೆ ಶುಲ್ಕ ತೆತ್ತು, ಬಂಡಿಗೆ ಅಂಟಿಸುವಂತಹ ಚೀಟಿಯೊಂದನ್ನು ತಂದು ಕಿಟಕಿಗೆ ಅಂಟಿಸಬೇಕು.

ಉಪಹಾರವಾದ ತರುವಾಯ ಅವರು ಒಂದು ಕಾಗದವನ್ನು ನಮ್ಮ ಮುಂದಿಟ್ಟರು. ಹಲವು ವರ್ಷಗಳಿಂದ ವಿಮೆ ಕೊಡುತ್ತಿದ್ದ ಕಂಪೆನಿಯೊಂದು, ಇನ್ನು ಮುಂದೆ ತಾನು ಇಂತಹ ಮನೆಗಳಿಗೆ ವಿಮೆ ಕೊಡುವುದಿಲ್ಲವೆಂದೂ, ಮೇ ತಿಂಗಳ ಕೊನೆಗೆ ಪತ್ರವು ಮುಗಿಯುವುದೆಂದೂ ತಿಳಿಸಿತ್ತು. ಇಂತಹ ಸೂಚನೆಯನ್ನು 120 ದಿನ ಮೊದಲೇ ಕೊಡಬೇಕೆಂಬುದು ಆ ಪ್ರಾಂತದ ಕಾನೂನು. ಚಂಡಮಾರುತದ ಋತುವಾದರೋ ಜೂನ್ 1ರಿಂದ ನವೆಂಬರ್ 30ರ ವರೆಗೆ. ಎಂದರೆ, ಗಾಳಿಯು ಬರುವ ಹೊತ್ತಿಗೆ ಸರಿಯಾಗಿ ಕೊಡೆಯನ್ನು ಹಿಂದಕ್ಕೆ ಕೇಳಿದಂತಾಯಿತು. ಅವರಿಗೆ ಸಾಲವಿರಲಿಲ್ಲ; ಸಾಲವಿದ್ದವರಿಗೆ ವಿಮೆ ಇಲ್ಲದೆ ಗತಿಯಿಲ್ಲ, ಸಾಲವಿಲ್ಲದವರಿಗೆ ಅದು ಇಚ್ಛೆಗೆ ಬಿಟ್ಟದ್ದು. ನೆರೆಹೊರೆಯ ಅನೇಕರು ಕಂತನ್ನು ತೆರಲಾರದೆ ವಿಮೆಯನ್ನೇ ಬಿಟ್ಟುಬಿಟ್ಟಿದ್ದರು. “ನಾನೂ ಹಾಗೆಯೇ ಮಾಡಲೋ?” ಎಂದು ಅವರು ಕೇಳಿದರು. ಅವರ ಜೀವಮಾನದ ಉಳಿತಾಯವೆಲ್ಲ ಆ ಮನೆಯೇ ಆಗಿತ್ತು.

ಕಂಪೆನಿಗಳು ಹೀಗೆ ಹಿಂಜರಿಯುವುದಕ್ಕೆ ಕಾರಣವಿಲ್ಲದೆ ಇಲ್ಲ. ನ್ಯಾಯದ ದೃಷ್ಟಿಯಿಂದ ಅವರ ಪಕ್ಷವನ್ನೂ ಹೇಳಬೇಕಷ್ಟೆ. 1976ನೆಯ ಜೂನ್ 15ಕ್ಕೆ ಮೊದಲು ಇಂತಹ ಮನೆಗಳನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ನಿಯಮವಿರಲಿಲ್ಲ. ಅಂದಿನಿಂದ ಕೇಂದ್ರ ಸರ್ಕಾರದ ಗೃಹನಿರ್ಮಾಣ ಇಲಾಖೆಯ ಕಟ್ಟಳೆ ಜಾರಿಗೆ ಬಂದಿತು. ಆದರೂ 1992ನೆಯ ಆಗಸ್ಟ್ 24ರಂದು ಆಂಡ್ರೂ ಎಂಬ ಚಂಡಮಾರುತವು ದಕ್ಷಿಣ ಫ್ಲಾರಿಡಾದ ಡೇಡ್ ಜಿಲ್ಲೆಯ ಮೇಲೆ ಬಿದ್ದಾಗ, ಅಲ್ಲಿಯ ಸಾಮಾನ್ಯ ಮನೆಗಳಲ್ಲಿ ನೂರಕ್ಕೆ 11 ನಾಶವಾದರೆ, ಚಲಿಸುವ ಮನೆಗಳಲ್ಲಿ ನೂರಕ್ಕೆ 97 ನಾಶವಾದವು. ಹನ್ನೊಂದು ವಿಮಾ ಕಂಪೆನಿಗಳು ದಿವಾಳಿಯೆದ್ದವು. ಆ ಪಾಠದಿಂದ ಕಣ್ತೆರೆದು, 1994ನೆಯ ಜುಲೈ 13ರಿಂದ ಗಾಳಿಯ ಬಲಕ್ಕನುಸಾರವಾಗಿ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ, ಆಯಾ ವಲಯಕ್ಕೆ ತಕ್ಕ ದಾರ್ಢ್ಯವಿಲ್ಲದ ಮನೆಯನ್ನು ಅಲ್ಲಿ ನೆಲೆಗೊಳಿಸಕೂಡದೆಂದು ವಿಧಿಸಿದರು. ಫ್ಲಾರಿಡಾದಲ್ಲಿ ಮೊದಲನೆಯ ವಲಯವೇ ಇಲ್ಲ. ಒಳನಾಡಿನ ಬಹುಭಾಗ ಎರಡನೆಯದು, ಕರಾವಳಿಯ ಹಲವು ಭಾಗಗಳು ಮೂರನೆಯವು. 2004ನೆಯ ಆಗಸ್ಟ್ 13ರಂದು ಚಾರ್ಲಿ ಎಂಬ ಚಂಡಮಾರುತವು ಪುಂಟಾ ಗೋರ್ಡಾ ಪಟ್ಟಣವನ್ನು ಹಾಳುಗೆಡವಿದಾಗ, ಹಳೆಯ ಮನೆಗಳು ತರಗೆಲೆಗಳಂತೆ ಚೆದರಿಹೋದರೂ, ಹೊಸ ಕಟ್ಟಳೆಯ ಮನೆಗಳು ಬಹುಮಟ್ಟಿಗೆ ನಿಂತವು.

ಆದಕಾರಣ ವಿಮೆಯನ್ನು ಅರಸುವವನು ಮೊದಲು ತಿಳಿಯಬೇಕಾದುದು ಕಂಪೆನಿಗಳ ಹೆಸರನ್ನಲ್ಲ, ತನ್ನ ಮನೆಯ ಜಾತಕವನ್ನು. ಆ ಜಾತಕವು ಮನೆಯಲ್ಲಿಯೇ ಇರುತ್ತದೆ. ಹೊರಗೋಡೆಯ ಹಿಂಬದಿಯಲ್ಲಿ ಮನೆಯ ಪ್ರತಿಯೊಂದು ಖಂಡಕ್ಕೂ ಒಂದೊಂದು ಕೆಂಪು ಲೋಹದ ಬಿಲ್ಲೆ. ಒಳಗೆ ಅಡಿಗೆಯ ಕಪಾಟಿನಲ್ಲಿಯೋ ವಿದ್ಯುತ್ತಿನ ಪೆಟ್ಟಿಗೆಯ ಬಳಿಯೋ ಬಟ್ಟೆಯ ಗೂಡಿನಲ್ಲಿಯೋ ಅಂಟಿಸಿದ ಒಂದು ಕಾಗದ. ಅದರಲ್ಲಿ ಕಟ್ಟಿದ ದಿನಾಂಕ, ಗಾಳಿಯ ವಲಯ ಎಲ್ಲವೂ ಬರೆದಿರುತ್ತವೆ. ಉಪಾಧ್ಯಾಯಿನಿಯವರು ತಮ್ಮ ಮನೆ ಬಹಳ ಹಳೆಯದೆಂದೇ ಭಾವಿಸಿದ್ದರು. ನಮ್ಮ ಮಗಳು ಸಕ್ಕರೆ ಡಬ್ಬಿಗಳನ್ನು ಸರಿಸಿ ಕಪಾಟಿನ ಬಾಗಿಲ ಹಿಂದೆ ದೀಪ ಹಿಡಿಯಲಾಗಿ, ಮಾಸಿದ ಕಾಗದದಲ್ಲಿ 1996 ಎಂದೂ ಮೂರನೆಯ ವಲಯವೆಂದೂ ಸ್ಪಷ್ಟವಾಗಿ ಕಂಡಿತು. ಆ ಕಾಗದದ ಛಾಯಾಚಿತ್ರವನ್ನು ತೆಗೆದುಕೊಂಡೆವು. ಮುಂದೆ ಏಜೆಂಟರು ಕೇಳಿದ ಮೊದಲನೆಯ ಪ್ರಶ್ನೆಗೆ ಅದೇ ಉತ್ತರವಾಯಿತು.

ಮುಂದಿನ ವಾರಗಳಲ್ಲಿ ನಾವು ಅವರೊಡನೆ ಮೂರು ಕಡೆ ವಿಚಾರಿಸಿದೆವು. ಒಂದೇ ಕಂಪೆನಿಗೆ ದುಡಿಯುವ ಏಜೆಂಟರು ಒಬ್ಬರು “ಈ ಬಗೆಯ ಮನೆಗಳು ನಮ್ಮಲ್ಲಿಲ್ಲ” ಎಂದು ನಾಲ್ಕು ಮಾತಿನಲ್ಲಿ ಮುಗಿಸಿದರು. ಎರಡನೆಯವರು ಹಳೆಯ ಕಂತಿನ ಅರ್ಧಕ್ಕಿಂತಲೂ ಕಡಿಮೆ ಮೊತ್ತವನ್ನು ಹೇಳಿದರು. ನಮ್ಮ ಮಗಳಿಗೂ ಉಪಾಧ್ಯಾಯಿನಿಯವರಿಗೂ ಮುಖ ಅರಳಿತು. ಆದರೆ ಕಾಗದಗಳ ನಡುವೆ ಒಂದು ಹಾಳೆಯಿತ್ತು. ಫ್ಲಾರಿಡಾದ ಕಾನೂನಿನ ಪ್ರಕಾರ, ವಿಮೆಯಿಂದ ಬಿರುಗಾಳಿಯನ್ನು ಬಿಟ್ಟುಬಿಡಲು ಇಚ್ಛಿಸುವ ಗೃಹಸ್ಥನು ಒಂದು ಹೇಳಿಕೆಯನ್ನು ಸ್ವತಃ ಬರೆದು ರುಜು ಮಾಡಿ ಕೊಡಬೇಕು. ಗಾಳಿಯಿಂದಾಗುವ ನಷ್ಟಕ್ಕೆ ನನ್ನ ವಿಮೆ ಹಣ ಕೊಡುವುದು ಬೇಡ, ಆ ವೆಚ್ಚವನ್ನು ನಾನೇ ಭರಿಸುತ್ತೇನೆ ಎಂಬುದೇ ಅದರ ತಾತ್ಪರ್ಯ. ಕಂತು ಅಗ್ಗವಾದುದರ ಗುಟ್ಟು ಅಲ್ಲಿತ್ತು. ಬೆಂಕಿಗೂ ಕಳವಿಗೂ ವಿಮೆ, ಗಾಳಿಗೆ ಇಲ್ಲ. ಚಂಡಮಾರುತಗಳ ತೀರದಲ್ಲಿ ಇದು ಮಲೆನಾಡಿನವನಿಗೆ ಮಳೆಯೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಆಗುವ ಕಂಬಳಿಯನ್ನು ಮಾರಿದಂತೆ.

ಆ ಮಹನೀಯರು ಲೇಖನಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕಂತಿನ ವ್ಯತ್ಯಾಸವು ಅವರ ಪಾಲಿಗೆ ಕೆಲವು ತಿಂಗಳ ಔಷಧದ ಖರ್ಚು. ಕೊನೆಗೆ ಲೇಖನಿಯನ್ನು ಕೆಳಗಿಟ್ಟು, “ಮೂವತ್ತೊಂದು ವರ್ಷ ಮಕ್ಕಳಿಗೆ, ಅರ್ಥ ತಿಳಿಯದ ವಾಕ್ಯವನ್ನು ಬರೆಯಬೇಡಿರಿ ಎಂದು ಹೇಳಿದೆ. ಈ ವಾಕ್ಯದ ಅರ್ಥ ನನಗೆ ಚೆನ್ನಾಗಿ ತಿಳಿದಿದೆ, ಆದುದರಿಂದಲೇ ಬರೆಯಲಾರೆ” ಎಂದರು. ಏಜೆಂಟರೂ ಸಜ್ಜನರು, ಒತ್ತಾಯಪಡಿಸಲಿಲ್ಲ. ಬರೆಯುವವನಿಗೆ ಒಂದು ಕ್ಷಣ ಯೋಚಿಸುವ ಅವಕಾಶ ದೊರೆಯುವಂತೆ ವಿಧಿಸಿದ ಆ ಕಾನೂನಿನ ವಿವೇಕವನ್ನು ನಾವು ಮನಸ್ಸಿನಲ್ಲಿಯೇ ಮೆಚ್ಚಿಕೊಂಡೆವು.

ಮೂರನೆಯ ಕಡೆಯಲ್ಲಿದ್ದವರು ಹಲವಾರು ಕಂಪೆನಿಗಳ ಪತ್ರಗಳನ್ನು ತರಿಸಿಕೊಡಬಲ್ಲ ಸ್ವತಂತ್ರ ಏಜೆಂಟರು. ಅವರು ಬೆಲೆಯನ್ನು ಹೇಳುವ ಮೊದಲು ಮನೆಯ ಕೆಳಭಾಗವನ್ನು ನೋಡಿಸಬೇಕೆಂದರು. ಇಂತಹ ಮನೆಗೆ ನಮ್ಮ ಮನೆಗಳಂತೆ ಕಲ್ಲಿನ ತಳಪಾಯವಿಲ್ಲ. ಕಾಂಕ್ರೀಟಿನ ದಿಂಡುಗಳ ಮೇಲೆ ಉಕ್ಕಿನ ತೊಲೆಗಳು ಕುಳಿತಿರುತ್ತವೆ. ತಿರುಪಿನಂತಹ ಕಬ್ಬಿಣದ ಗೂಟಗಳನ್ನು ನೆಲಕ್ಕೆ ತಿರುಚಿ ಇಳಿಸಿ, ಕೆಲವೇ ಅಡಿಗಳಿಗೊಂದರಂತೆ ಉಕ್ಕಿನ ಪಟ್ಟಿಗಳಿಂದ ತೊಲೆಗಳನ್ನು ಆ ಗೂಟಗಳಿಗೆ ಬಿಗಿಯುತ್ತಾರೆ. ಕೊಟ್ಟಿಗೆಯಲ್ಲಿ ಹಸುವನ್ನು ಗೂಟಕ್ಕೆ ಕಟ್ಟಿದಂತೆ ಮನೆಯನ್ನು ಭೂಮಿಗೆ ಕಟ್ಟುವುದು! ಕೆಲಸದವನು ಅಂಚಿನ ಹೊದಿಕೆಯನ್ನು ತೆಗೆದು ತೆವಳಿ ಒಳಹೊಕ್ಕು ನೋಡಲಾಗಿ, ಹಲವು ಪಟ್ಟಿಗಳು ಸಡಿಲವಾಗಿದ್ದವು, ಕೆಲವು ತುಕ್ಕು ತಿಂದಿದ್ದವು. ಅವನ್ನು ಬದಲಾಯಿಸಿ ಪ್ರಮಾಣಪತ್ರವನ್ನು ಪಡೆದುದಾಯಿತು. ಇಡೀ ವಸತಿಗೆ ಉಚಿತವಾಗಿ ಇಂತಹ ಕಟ್ಟುಗಳನ್ನು ಹಾಕಿಸಿಕೊಡುವ ಯೋಜನೆಯೊಂದು ಆ ಪ್ರಾಂತದಲ್ಲಿದೆ. ಸರ್ಕಾರಿ ಕಾಲೇಜಿನ ಮೂಲಕ ಅದು 1999ರಿಂದ ನಡೆದುಕೊಂಡು ಬಂದಿದೆ. ಈ ವಸತಿಯವರು ಅರ್ಜಿ ಹಾಕಿದ್ದರು, ಸರದಿ ಬಂದಿರಲಿಲ್ಲ. ಕಟ್ಟು ಭದ್ರವಾಗಿದ್ದರೆ, ಚಾವಣಿ ಸುಸ್ಥಿತಿಯಲ್ಲಿದ್ದರೆ, ಐವತ್ತೈದು ವರ್ಷ ಮೀರಿದವರ ವಸತಿಯಾಗಿದ್ದರೆ, ಕಂತಿನಲ್ಲಿ ಸೋಡಿ ಕೊಡುವ ಕಂಪೆನಿಗಳುಂಟು. ಕೇಳದವನಿಗೆ ಯಾರೂ ಕೊಡುವುದಿಲ್ಲ.

ಇನ್ನು ವಿಮಾ ಪತ್ರದ ಒಳಗಿನ ಮಾತುಗಳು. ಗೃಹಿಣಿಯರು ಬೋಗಾರನ ಅಂಗಡಿಯನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಹತ್ತು ವರ್ಷ ಬಳಸಿದ ಕೊಳದಪ್ಪಲೆ ಕಳೆದುಹೋದರೆ, ಹೊಸ ಕೊಳದಪ್ಪಲೆಯ ಬೆಲೆಯನ್ನು ಕೊಡುವುದು ಒಂದು ಬಗೆ. ಹಳೆಯ ಪಾತ್ರೆಗೆ ಸವೆತವನ್ನು ಕಳೆದು ಎಷ್ಟು ಬೆಲೆಯೋ ಅಷ್ಟನ್ನೇ ಕೊಡುವುದು ಇನ್ನೊಂದು ಬಗೆ. ಚಲಿಸುವ ಮನೆಗಳಿಗೆ, ಅದರಲ್ಲಿಯೂ ಹಳೆಯವುಗಳಿಗೆ, ಬಹುಶಃ ಎರಡನೆಯ ಬಗೆಯೇ ಸಿಕ್ಕುವುದು. ಆ ಹಣದಿಂದ ಹೊಸ ಮನೆ ಬರಲಾರದು. ಇದನ್ನು ಮೊದಲೇ ಕೇಳಿ ತಿಳಿಯಬೇಕು. ಜೊತೆಗೆ, ಚಂಡಮಾರುತದಿಂದಾದ ನಷ್ಟದಲ್ಲಿ ಇಷ್ಟು ಭಾಗ ಗೃಹಸ್ಥನದೇ ಎಂಬ ಕರಾರು ಇರುತ್ತದೆ. ಅದು 500 ಡಾಲರಾಗಿರಬಹುದು, ಅಥವಾ ವಿಮೆಯ ಮೊತ್ತದ ಶೇಕಡ 2, 5 ಅಥವಾ 10 ಆಗಿರಬಹುದು. ಉದಾಹರಣೆಗೆ 60,000 ಡಾಲರಿನ ವಿಮೆಯಲ್ಲಿ ಶೇಕಡ 2 ಎಂದರೆ 1,200 ಡಾಲರು; ಶೇಕಡ 10 ಎಂದರೆ 6,000. ಈ ಭಾಗವನ್ನು ಹೆಚ್ಚಿಸಿದಷ್ಟೂ ಕಂತು ಇಳಿಯುತ್ತದೆ. ಆದರೆ ಅಷ್ಟು ಹಣ ಬೇರೆಯಾಗಿ ಕೈಯಲ್ಲಿರದಿದ್ದರೆ ಆ ಇಳಿತವು ಲಾಭವಲ್ಲ, ಮುಂದಕ್ಕೆ ತಳ್ಳಿದ ಸಾಲ. ಮನೆಗೆ ತಗುಲಿಸಿದ ಚಪ್ಪರವೂ ಬಲೆಯ ಜಗಲಿಯೂ ಅನೇಕ ಪತ್ರಗಳಲ್ಲಿ ಸೇರಿರುವುದಿಲ್ಲ. ಗಾಳಿಗೆ ಮೊದಲು ಹಾರುವುದಾದರೋ ಅವೇ.

ನೆರೆಯ ನೀರಿನ ವಿಷಯವಂತೂ ಪೂರ್ತಿ ಬೇರೆ. ಆಕಾಶದಿಂದ ಹರಿದ ಚಾವಣಿಯ ಮೂಲಕ ಬಿದ್ದ ನೀರು ಗೃಹವಿಮೆಗೆ ಸೇರಿದುದು; ನೆಲದಿಂದಾಗಲಿ ಸಮುದ್ರದಿಂದಾಗಲಿ ಏರಿ ಬಂದ ನೀರು ಸೇರಿದುದಲ್ಲ. ಅದಕ್ಕಾಗಿ 1968ರಲ್ಲಿ ಕೇಂದ್ರ ಸರ್ಕಾರವು ಪ್ರತ್ಯೇಕವಾದ ಪ್ರವಾಹ ವಿಮೆಯನ್ನು ಸ್ಥಾಪಿಸಿತು. ಅದನ್ನು ಕೊಂಡರೂ ಸಾಮಾನ್ಯವಾಗಿ 30 ದಿನ ಕಳೆಯದೆ ಫಲಕ್ಕೆ ಬರುವುದಿಲ್ಲ. ಹಾಗೆಯೇ, ಚಂಡಮಾರುತವು ಸಮೀಪಿಸುತ್ತಿದೆಯೆಂಬ ಎಚ್ಚರಿಕೆ ಹೊರಟ ಕೂಡಲೆ ಕಂಪೆನಿಗಳು ಹೊಸ ಪತ್ರಗಳನ್ನು ಕೊಡುವುದನ್ನು ನಿಲ್ಲಿಸುತ್ತವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ನಮ್ಮ ಹಿರಿಯರ ಮಾತು ಸಾಗರದಾಚೆಯಲ್ಲಿಯೂ ಸತ್ಯವೇ.

ಎಲ್ಲರೂ ಕೈಬಿಟ್ಟವರಿಗೆ ಕೊನೆಯ ಆಶ್ರಯವೊಂದುಂಟು. 2002ರಲ್ಲಿ ಪ್ರಾಂತ ಸರ್ಕಾರವು ಸಿಟಿಜನ್ಸ್ ಎಂಬ ವಿಮಾ ಸಂಸ್ಥೆಯನ್ನು ನಿರ್ಮಿಸಿತು. 2022ರ ಸುಮಾರಿನಲ್ಲಿ ಹಲವು ಖಾಸಗಿ ಕಂಪೆನಿಗಳು ಮುಳುಗಿದುದರಿಂದ 2023ರ ಶರತ್ಕಾಲದ ಹೊತ್ತಿಗೆ ಅದರ ಪತ್ರಗಳು ಹದಿನಾಲ್ಕು ಲಕ್ಷಕ್ಕೆ ಏರಿದವು. ಖಾಸಗಿ ಕಂಪೆನಿಯೊಂದು ಅಂತಹುದೇ ಪತ್ರವನ್ನು ಸಿಟಿಜನ್ಸ್ ಕಂತಿಗಿಂತ ಶೇಕಡ 20ಕ್ಕೆ ಮೀರದ ಹೆಚ್ಚಳದಲ್ಲಿ ಕೊಡಲೊಪ್ಪಿದರೆ, ಅಲ್ಲಿ ವಾಸವಾಗಿರುವ ಗೃಹಸ್ಥನು ಸಿಟಿಜನ್ಸನ್ನು ಹಿಡಿಯುವಂತಿಲ್ಲ. ಕಂಪೆನಿಯೇ ದಿವಾಳಿಯೆದ್ದರೆ ಏನು ಗತಿ ಎಂದು ನಾವು ಕೇಳಿದೆವು. ಪ್ರಾಂತದ ಪರವಾನಗಿ ಪಡೆದ ಕಂಪೆನಿಗಳಿಗೆ 1970ರಿಂದ ಖಾತರಿ ಸಂಘವೊಂದು ಹೊಣೆಯಾಗಿ ನಿಂತಿದೆಯೆಂದೂ, ಹೊರಗಿನಿಂದ ವಿಶೇಷ ನಿಯಮದಡಿ ಬಂದ ಕಂಪೆನಿಗಳಿಗೆ ಆ ಹೊಣೆ ಇಲ್ಲವೆಂದೂ ಏಜೆಂಟರು ಹೇಳಿದರು. ಅಗ್ಗದ ಪತ್ರವನ್ನು ಕೊಳ್ಳುವವನು ಕೇಳಲೇಬೇಕಾದ ಪ್ರಶ್ನೆಯಿದು.

ಇದನ್ನೆಲ್ಲ ಕೇಳುತ್ತಿರುವಾಗ ನಮಗೆ ಯೋಗಕ್ಷೇಮವೆಂಬ ಸಂಸ್ಕೃತ ಪದವು ಪದೇ ಪದೇ ನೆನಪಿಗೆ ಬರುತ್ತಿತ್ತು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಗೀತೆಯಿಂದ ಈ ಪದವನ್ನು ಆಯ್ದು 1956ರಲ್ಲಿ ಸ್ಥಾಪಿತವಾದ ನಮ್ಮ ಜೀವ ವಿಮಾ ನಿಗಮವು ತನ್ನ ಧ್ಯೇಯವಾಕ್ಯದಲ್ಲಿ ಇರಿಸಿಕೊಂಡಿದೆ. ಅದಕ್ಕೂ ಬಹು ಮೊದಲು, 1891ರಲ್ಲಿಯೇ, ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಜೀವ ವಿಮೆಯನ್ನು ಆರಂಭಿಸಿತ್ತು. ಇಂದಿಗೂ ಕರ್ನಾಟಕದ ಸರ್ಕಾರಿ ನೌಕರರ ಸಂಬಳದಿಂದ ಆ ಇಲಾಖೆಯ ಕಂತು ತಾನೇ ಕಳೆಯುತ್ತದೆ. ಉಪಾಧ್ಯಾಯ ವೃತ್ತಿಯುದ್ದಕ್ಕೂ ನಾವೂ ಅದನ್ನು ತೆತ್ತವರೇ. ಪ್ರತಿ ತಿಂಗಳೂ ಗೊತ್ತಾಗದಂತೆ ಹೋದ ಆ ಹಣ, ನಿವೃತ್ತಿಯ ದಿನ ನಮ್ಮ ಕೈಗೆ ಹಿಂದಿರುಗಿದಾಗ ದೊಡ್ಡ ಊರುಗೋಲಾಯಿತು. ಬಡವನ ಕ್ಷೇಮವನ್ನು ಕೇವಲ ವ್ಯಾಪಾರಕ್ಕೆ ಬಿಟ್ಟರೆ, ಯಾರಿಗೆ ಹೆಚ್ಚು ಅಪಾಯವೋ ಅವರಿಗೇ ಹೆಚ್ಚು ಬೆಲೆ. ಫ್ಲಾರಿಡಾದಲ್ಲಿ ನಾವು ಕಂಡುದು ಇದನ್ನೇ. ಅತ್ಯಂತ ಹಗುರವಾದ ಮನೆಯಲ್ಲಿ ಅತ್ಯಲ್ಪ ವರಮಾನದವರಿದ್ದಾರೆ. ಗಾಳಿಯು ಮೊದಲು ಹುಡುಕುವುದೂ ಅವರನ್ನೇ.

ನಾವು ಸ್ವದೇಶಕ್ಕೆ ಹಿಂದಿರುಗಿದ ಮೇಲೆ, ಮೇ ತಿಂಗಳಲ್ಲಿ ಉಪಾಧ್ಯಾಯಿನಿಯವರಿಂದ ಪತ್ರ ಬಂದಿತು. 1996ರ ಕಾಗದ, ಹೊಸ ಕಟ್ಟುಗಳ ಪ್ರಮಾಣಪತ್ರ, ಚಾವಣಿಯ ಪರೀಕ್ಷೆ ಇವು ಮೂರನ್ನೂ ಮುಂದಿಟ್ಟ ಮೇಲೆ ಪರವಾನಗಿ ಪಡೆದ ಖಾಸಗಿ ಕಂಪೆನಿಯೊಂದು ಗಾಳಿಯನ್ನೂ ಸೇರಿಸಿ ವಿಮೆ ಕೊಟ್ಟಿತಂತೆ. ಕಂತು ಹಳೆಯದಕ್ಕಿಂತ ತುಸು ಹೆಚ್ಚೇ. ಅದನ್ನು ಸರಿದೂಗಿಸಲು ತಮ್ಮ ಪಾಲನ್ನು ಶೇಕಡ 5ಕ್ಕೆ ಏರಿಸಿಕೊಂಡು, ಅಷ್ಟು ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇರಿಸಿರುವರಂತೆ. ಪಕ್ಕದ ಮೂರು ಮನೆಯವರನ್ನೂ ಕರೆದು ಕಪಾಟಿನ ಬಾಗಿಲ ಹಿಂದೆ ನೋಡುವಂತೆ ಹೇಳಿಕೊಟ್ಟರಂತೆ. ಒಂದು ಮನೆಯದು 1974ರದು. ಅದಕ್ಕೆ ಕಾಗದವೂ ಇಲ್ಲ, ಬಿಲ್ಲೆಯೂ ಇಲ್ಲ, ವಿಮೆಯೂ ದೊರೆಯಲಿಲ್ಲ. ಗಾಳಿಯ ಎಚ್ಚರಿಕೆ ಹೊರಟೊಡನೆ ಆ ಮನೆಯ ವೃದ್ಧರನ್ನು ತಮ್ಮ ಬಂಡಿಯಲ್ಲಿ ಸರ್ಕಾರದ ಆಶ್ರಯಧಾಮಕ್ಕೆ ಕರೆದೊಯ್ಯುವುದಾಗಿ ಅವರು ಮಾತು ಕೊಟ್ಟಿದ್ದಾರೆ. ವಿಮೆಯಿದ್ದರೂ ಇಲ್ಲದಿದ್ದರೂ ಚಲಿಸುವ ಮನೆಯಲ್ಲಿ ಚಂಡಮಾರುತದ ವೇಳೆ ಯಾರೂ ನಿಲ್ಲಬಾರದೆಂಬುದು ಅಲ್ಲಿಯ ನಿಯಮ. ಏಕೆಂದರೆ ಕಾಗದವು ಮನೆಯ ಬೆಲೆಯನ್ನು ಕೊಡಬಹುದು, ಮನೆಯಲ್ಲಿದ್ದವರನ್ನು ಕೊಡಲಾರದು.

ವಾಚಕರಲ್ಲಿ ಅನೇಕರ ಮಕ್ಕಳೂ ಬಂಧುಗಳೂ ಪರದೇಶಗಳಲ್ಲಿ ನೆಲೆಸಿರುವರು. ಅವರಿಗೆ ಪತ್ರ ಬರೆಯುವಾಗ, ಕುಶಲಪ್ರಶ್ನೆಯೊಡನೆ ಈ ಒಂದು ಪ್ರಶ್ನೆಯನ್ನೂ ಸೇರಿಸಿರಿ: ನಿಮ್ಮ ಮನೆಯ ವಿಮಾ ಪತ್ರವನ್ನು ಕೊನೆಯ ಬಾರಿ ಓದಿದುದು ಯಾವಾಗ? ಅದರಲ್ಲಿ ಏನೇನು ಸೇರಿದೆಯೆಂಬುದನ್ನಲ್ಲ, ಏನೇನು ಸೇರಿಲ್ಲವೆಂಬುದನ್ನು ಓದಲು ಹೇಳಿರಿ. ಓದಿದವರಿಗೆ ಒಂದು ಸಂಜೆ ವ್ಯರ್ಥವಾದೀತು. ಓದದವರಿಗೆ ಒಂದು ಆಯುಷ್ಯದ ದುಡಿಮೆ.